ಓಣಿಗೆ ಅಡ್ಡ ಕೂತ ದೇವಿ

“ಕೈ ತಗಿಯೋ, ಬಿಲ್ಡರನ ನಾಯಿ.”

ಅಮೃತಪ್ಪನವರು ಇಡೀ ಓಣಿಯ ಮುಂದೆ ಅಂದರು. ಬಸವಕಿರಣ ಕಲ್ಲಿನ ಮೇಲಿಟ್ಟ ಕೈ ತೆಗೆಯಲಿಲ್ಲ. ಹೆಗಲ ಮೇಲೆ ಹಗ್ಗ, ಹಿಂದೆ ಬಾಡಿಗೆಯ ಟ್ರಾಲಿ ಆಟೋ. ಯಾಕೆ ಬಂದೆ ಎಂದು ಯಾರೂ ಕೇಳಲಿಲ್ಲ. ಕೇಳುವುದೇನಿತ್ತು?

ಓಣಿಯ ತುದಿಯ ಖಾಲಿ ಜಾಗದಲ್ಲಿ ನಾನೂರು ಫ್ಲ್ಯಾಟು ಏಳುವುದಿತ್ತು. ಅಷ್ಟೂ ಕಾರು, ಅಷ್ಟೂ ಟಿಪ್ಪರು ಹಾಯಲು ಇದ್ದದ್ದು ಹದಿನೆಂಟು ಅಡಿಯ ಈ ಓಣಿ ಒಂದೇ. ಓಣಿಯವರು ಅರ್ಜಿ ಕೊಟ್ಟರು, ಯಾರೂ ಓದಲಿಲ್ಲ. ಕೊನೆಗೆ ಹತ್ತು ದಿನದ ಹಿಂದೆ ಆ ಜಾಗದ ಮಣ್ಣಿನ ಗುಡ್ಡೆಯಿಂದ ಒಂದು ಕಲ್ಲು ಹೊತ್ತು ತಂದು ಓಣಿಯ ನಡುವೆ ಕೂರಿಸಿದರು. ಅರಿಶಿನ, ಕುಂಕುಮ, ಬೇವಿನ ಸೊಪ್ಪು, ಮೇಲೊಂದು ತಗಡು. ಹೈದರಾಬಾದಿನಲ್ಲಿ ಗುಡಿಸಲು ಕೆಡವಲು ಒಂದು ಗಂಟೆ ಸಾಕು. ದೇವರನ್ನು ಸರಿಸಲು ಯಾವ ಸಾಹೇಬನಿಗೂ ಧೈರ್ಯವಿಲ್ಲ.

ಆ ಜಾಗದಲ್ಲಿದ್ದ ಗುಡಿಸಲು ಕೆಡವಿದ್ದು ಬಸವಕಿರಣನೇ. ಬಿಲ್ಡರನ ಜೆಸಿಬಿ ಓಡಿಸುವವನು. ಆರು ಗುಡಿಸಲು ಕೆಡವಿದ, ಕೊನೆಯದು ಅವನದೇ. ಗುಡಿಸಲು ಇದ್ದಷ್ಟು ದಿನ ಓಣಿಯವರು ಯಾರೂ ಆ ಕಡೆ ಕಾಲಿಟ್ಟವರಲ್ಲ.

ಇವತ್ತು ತಪಾಸಣೆಗೆ ಕಾರ್ಪೊರೇಷನ್ನಿನ ಆಫೀಸರು ಬಂದಿದ್ದ. ಕಲ್ಲು ಹಳೆಯದೆಂದು ಅವನು ಬರೆದುಕೊಂಡರೆ ಈ ಓಣಿ ಟಿಪ್ಪರುಗಳ ದಾರಿಯಾಗುವುದಿಲ್ಲ. ಸುಲ್ತಾನ್ ಬಜಾರಿನಲ್ಲಿ ಬಟ್ಟೆ ಅಂಗಡಿ ಇಟ್ಟ ಅಮೃತಪ್ಪನವರು, ಓಣಿಯ ಸಂಘಕ್ಕೂ ಅವರೇ ಅಧ್ಯಕ್ಷರು, ತೆಲುಗಿನಲ್ಲಿ ಎಲ್ಲ ತಿಳಿಸಿ ಹೇಳಿದರು. ಅಜ್ಜನ ಕಾಲದ ಅಮ್ಮ. ಭಕ್ತರು ಹಣೆ ಹಚ್ಚಿ ಹಚ್ಚಿಯೇ ನಡುವೆ ಇಷ್ಟು ಸವೆದಿದೆ. ಅಂಚಿನ ಈ ನೀಲಿ ಎಷ್ಟು ತೊಳೆದರೂ ಹೋಗುವುದಿಲ್ಲ, ಅದೇ ಮಹಿಮೆ. ಆಫೀಸರು ಸವೆದಲ್ಲಿ ಬೆರಳಾಡಿಸಿ ಫೋಟೋ ತೆಗೆದ.

ಅಮೃತಪ್ಪನವರು ಮತ್ತೆ ಇವನ ಕಡೆ ತಿರುಗಿದರು.

“ಏಳನೇ ಇಯತ್ತೆ ದಾಟಲಿಲ್ಲ ನೀ. ನಿಮ್ಮವ್ವ ಗದಿಗೆಮ್ಮ ನಮ್ಮ ಬಾಗಲಾಗ ನಿಂತು ಅನ್ನ ಇಸಗೊಂಡು ನಿನ್ನ ಸಾಕಿದಳು. ಆಕಿ ಸತ್ತು ತಿಂಗಳಾಗಿಲ್ಲ, ನಮ್ಮ ದೇವರಿಗೇ ಹಗ್ಗ ಹಾಕಾಕ ಬಂದೀದಿ.”

ಅವರ ಹೆಂಡತಿ ಶಿವದೇವಿ ಕಲ್ಲಿಗೆ ಹಣೆ ಹಚ್ಚಿ ಎದ್ದರು. ಅವರಿಗೆ ಭಕ್ತಿ ನಿಜವಾಗಿಯೇ ಬಂದುಬಿಟ್ಟಿತ್ತು.

“ಗದಿಗೆಮ್ಮ ಇದ್ದಿದ್ದರ ದಿನಾ ಮುಂಜಾನೆ ಈ ಕಲ್ಲಿಗೆ ನೀರು ಹಾಕತಿದ್ದಳು, ತಿಳೀತೇನು?”

“ಹಾಕತಿದ್ದಳ್ರಿ, ಅಕ್ಕಾರ,” ಎಂದ ಬಸವಕಿರಣ.

ಆಫೀಸರು ಪೆನ್ನು ಎತ್ತಿ ಹಿಡಿದು ಅವನನ್ನೇ ಕೇಳಿದ: ಆ ಜಾಗದವನು ನೀನು, ಈ ಕಲ್ಲು ಎಲ್ಲಿಯದು, ನಿಜ ಹೇಳು. ಅಮೃತಪ್ಪನವರ ಮುಖ ಬಿಳಿಚಿತು. ಒಂದು ಮಾತು ಸಾಕಿತ್ತು.

ಬಸವಕಿರಣನೊಳಗೆ ಆ ಮಾತೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಹದಿನೈದು ದಿನದ ಹಿಂದೆ ಜೆಸಿಬಿಯ ಬಕೆಟ್ಟು ತನ್ನ ಗುಡಿಸಲ ತಗಡಿಗೆ ತಾಗಿದಾಗಲೇ ಎಲ್ಲ ಮರಗಟ್ಟಿ ಹೋಗಿತ್ತು. ಕಲ್ಲಿನ ಸವೆದ ಗುಣಿಯಲ್ಲಿ ಒಮ್ಮೆ ಅಂಗೈ ಇಟ್ಟ. ಹಗ್ಗ ಸುತ್ತಿಕೊಂಡ. ಓಣಿ ದಾಟಿ ನಡೆದ. ಖಾಲಿ ಟ್ರಾಲಿ ಅವನ ಹಿಂದೆ ಹೋಯಿತು.

ಸ್ಮಶಾನದಲ್ಲಿ, ಗದಿಗೆಮ್ಮನ ಸಮಾಧಿಯ ತಲೆಯ ಬಳಿ, ಗೌಂಡಿ ಸಿಮೆಂಟು ಕಲಸಿಟ್ಟುಕೊಂಡು ಕಾಯುತ್ತಿದ್ದ: ಇಪ್ಪತ್ತೆರಡು ವರ್ಷ ಆ ಓಣಿಯ ಮೈಲಿಗೆಯನ್ನೆಲ್ಲ ನೀಲಿ ಹಾಕಿ ಒಗೆದ ಅವಳ ಕಲ್ಲು ಬರುತ್ತದೆಂದು.