ಖಾಲಿ ಎಂದರೆ

ಹೃಷಿಕೇಶ ಚಹಾದ ಲೋಟ ಪಕ್ಕಕ್ಕಿಟ್ಟು, ಮೇಜಿನ ಮೇಲಿದ್ದ ಬೂದು ಬಣ್ಣದ ಲ್ಯಾಪ್‌ಟಾಪನ್ನು ತಿರುಗಿಸಿ ನೋಡಿದ. ಅವನ ಮುಖದ ಬಣ್ಣ ಇಳಿಯಿತು.

"ಇದು ವಾದಿರಾಜ ಕಾಕಾಂದು. ನಿನ್ನ ಕೈಗೆ ಹ್ಯಾಂಗ ಬಂತು?"

ಸೀತಾ ಕಾಕೂ ಕೊಟ್ಟರು ಎಂದ ಗಗನ್, ತಲೆ ಎತ್ತದೆ. ಅವನಿಗೆ ಪುರುಸೊತ್ತಿರಲಿಲ್ಲ. ಮರುದಿನ ಧರಮಪೇಠದ ಕನ್ನಡ ಸಂಘದಲ್ಲಿ ಲಿನಕ್ಸ್ ಮೇಳ. ಹಳೆಯ ಕಂಪ್ಯೂಟರ್ ತಂದವರಿಗೆಲ್ಲ ಒಳಗಿದ್ದದ್ದನ್ನೆಲ್ಲ ಅಳಿಸಿ ಪುಕ್ಕಟೆಯಾಗಿ ಲಿನಕ್ಸ್ ತಂತ್ರಾಂಶ ಹಾಕಿಕೊಡುತ್ತೇವೆಂದು ಸಾರಿಯಾಗಿತ್ತು. ಕೆಲಸಕ್ಕೆಂದು ಬೆಂಗಳೂರಿನಿಂದ ನಾಗಪುರಕ್ಕೆ ಬಂದು ಇನ್ನೂ ವರ್ಷ ತುಂಬದ ಗಗನ್, ಇದನ್ನು ತಾನಾಗಿ ಮೈಮೇಲೆ ಎಳೆದುಕೊಂಡಿದ್ದ. ಪೆನ್‌ಡ್ರೈವ್‌ಗಳು ಸಿದ್ಧವಾಗಬೇಕಿತ್ತು, ಹಾಲ್‌ನ ಪ್ಲಗ್ಗುಗಳಲ್ಲಿ ಅರ್ಧಕ್ಕೆ ಕರೆಂಟೇ ಇರಲಿಲ್ಲ. ಮನೆ ಬಿಟ್ಟು ಬರಲಾರದವರ ಲ್ಯಾಪ್‌ಟಾಪನ್ನು ಹಿಂದಿನ ದಿನವೇ ಹೋಗಿ ತರುವ ಏರ್ಪಾಡೂ ಅವನದೇ. ಹಾಗೆ ಬಂದದ್ದು ಇದೊಂದೇ.

"ಅದರಾಗ ಕಾಕಾನ ಹಾಡು ಅವ," ಎಂದ ಹೃಷಿಕೇಶ. "ಮೊದಲ ಕಾಪಿ ಮಾಡ್ಕೊಂಡಿ, ಬರೋಬರ್?"

ಗಗನ್‌ನ ಕೈ ನಿಂತಿತು.

"ಖಾಲಿ ಇದೆ ಅಂದ್ರಲ್ಲ."

ಬೆಳಿಗ್ಗೆ ವಾದಿರಾಜರ ಹೆಂಡತಿ ಸೀತಾಲಕ್ಷ್ಮಿ ತಾವಾಗಿ ಫೋನ್ ಮಾಡಿದ್ದರು. ನಮ್ಮವರ ಲ್ಯಾಪ್‌ಟಾಪ್ ಖಾಲಿ ಅದ, ಬಂದು ತಗೊಂಡ್ ಹೋಗು ಎಂದಿದ್ದರು. ಇವನು ಹೋದಾಗ ಅದು ಅವರ ಕಟ್ಟಡದ ಕೆಳಗೆ, ಕಾವಲುಗಾರನ ಹತ್ತಿರ ಚೀಲದಲ್ಲಿತ್ತು. ಮೆಟ್ಟಿಲು ಹತ್ತುವುದು ತಪ್ಪಿತೆಂದು ಗಗನ್ ಖುಷಿಯಾಗಿಯೇ ಹೊತ್ತು ತಂದಿದ್ದ.

ಹೃಷಿಕೇಶ ನಾಗಪುರದಲ್ಲೇ ಹುಟ್ಟಿ ಬೆಳೆದವನು. ಕನ್ನಡ ಮಾತಾಡಬಲ್ಲ, ಓದಲು ತಡವರಿಸುತ್ತಾನೆ. ಅವನು ಕುರ್ಚಿ ಎಳೆದುಕೊಂಡು ಕುಳಿತುಬಿಟ್ಟ.

"ಅರೇ ಯಾರ್, ಮರಾಠಿಯೊಳಗ ಖಾಲಿ ಅಂದ್ರ ಕೆಳಗ. ಲ್ಯಾಪ್‌ಟಾಪ್ ಕೆಳಗ ಅದ, ತಗೊಂಡ್ ಹೋಗು ಅಂದಾರ ಕಾಕೂ. ನಾವೂ ಮನ್ಯಾಗ ಹಂಗೇ ಅಂತೀವಿ."

ಧಾರವಾಡದಿಂದ ಮದುವೆಯಾಗಿ ಬಂದ ಸೀತಾಲಕ್ಷ್ಮಿಯ ಬಾಯಲ್ಲಿ ಕನ್ನಡ ಮರಾಠಿ ಎಂದೋ ಕಲಸಿಹೋಗಿದ್ದವು. ಅದು ಗಗನ್‌ಗೆ ಗೊತ್ತಿರದ ವಿಷಯವೇನಲ್ಲ. ಲ್ಯಾಪ್‌ಟಾಪ್ ಪಾಸ್‌ವರ್ಡ್ ಕೇಳಿದಾಗಲಾದರೂ ಅವನು ನಿಲ್ಲಬೇಕಿತ್ತು. ಬೀಗ ಹಾಕಿದ ಮನೆಯನ್ನು ಖಾಲಿ ಎಂದು ನಂಬಿದ ಜಾಣ ಅವನು. ಹೇಗೂ ಖಾಲಿ ಎಂದು ಮೇಳಕ್ಕೆಂದು ಲಿನಕ್ಸ್ ಹಾಕುವ ತಾಲೀಮನ್ನು ಅದರ ಮೇಲೆಯೇ ಮಾಡಿ ಮುಗಿಸಿದ್ದ.

ವಾದಿರಾಜರು ಕೇಂದ್ರ ಸರ್ಕಾರದ ಕಚೇರಿಯಿಂದ ನಿವೃತ್ತರಾದವರು. ಸಂಘದ ಯಾವ ಕಾರ್ಯಕ್ರಮವೂ ಅವರ ಹಾಡಿಲ್ಲದೆ ಶುರುವಾಗುತ್ತಿರಲಿಲ್ಲವಂತೆ. ಹಾಸಿಗೆ ಹಿಡಿದ ಮೇಲೆ ಆ ಲ್ಯಾಪ್‌ಟಾಪ್ ಮುಂದಿಟ್ಟುಕೊಂಡು ಮಲಗಿದಲ್ಲೇ ಹಾಡಿ ಧ್ವನಿ ಹಿಡಿದಿಟ್ಟಿದ್ದರು. ಅವರು ತೀರಿಕೊಂಡ ಮೇಲೆ ಸೀತಾಲಕ್ಷ್ಮಿ ಮನೆ ಬಿಟ್ಟು ಹೊರಗೆ ಬಂದವರೇ ಅಲ್ಲ. ಸಂಜೆಯಾದರೆ ಆ ಹಾಡು ಇಡೀ ಕಟ್ಟಡಕ್ಕೆ ಕೇಳುತ್ತಿತ್ತು. ಹತ್ತಿರದ ಕಾಮಠಿಯಲ್ಲಿರುವ ಅವರ ತಂಗಿ ಹೇಮಲತಾ ತನ್ನ ಮನೆಗೆ ಬಾ ಎಂದು ಕರೆದು ಕರೆದು ಸಾಕಾಗಿ ಸುಮ್ಮನಾಗಿದ್ದಳು. ಆ ಹಾಡುಗಳು ಬೇರೆಲ್ಲೂ ಇರಲಿಲ್ಲ.

ವಾಪಸ್ ತೆಗೆಯಲು ಬರುವುದಿಲ್ಲವೇ ಎಂದು ಹೃಷಿಕೇಶ ಕೇಳಿದ. ಬರಿದೇ ಅಳಿಸಿದ್ದರೆ ಬರುತ್ತಿತ್ತು. ಆದರೆ ಗಗನ್ ಹಳೆಯದರ ಗುರುತೂ ಉಳಿಯದಂತೆ ಡಿಸ್ಕಿನ ಉದ್ದಗಲಕ್ಕೂ ಸೊನ್ನೆ ತುಂಬಿಸಿ, ಆಮೇಲೆ ಲಿನಕ್ಸ್ ಹಾಕಿದ್ದ. ಹಾಗೆ ಮಾಡಿದ್ದೂ ಸೀತಾಲಕ್ಷ್ಮಿಯ ಒಂದು ಮಾತಿನಿಂದಲೇ. "ಒಮ್ಮೆ ಅಳಿಸಿದ್ದು ಮತ್ತ ಬರೂದಿಲ್ಲ, ಹೌದಲ್ಲೋ?" ಎಂದು ಫೋನಿನಲ್ಲಿ ಕೇಳಿದ್ದರು. ಯಾರ ಕೈಗೂ ಸಿಗದ ಹಾಗೆ ಸಾಫ್ ಮಾಡ್ತೀನಿ ಎಂದು ಇವನು ಜಂಬದಿಂದ ಹೇಳಿದ್ದ.

"ಹೆದರಿ ಕೇಳ್ಯಾರಲ್ಲೋ ಅವರು," ಎಂದ ಹೃಷಿಕೇಶ, ತಲೆ ಮೇಲೆ ಕೈ ಹೊತ್ತು.

ಆದರೂ ಪ್ರಯತ್ನಿಸಿದರು. ಅಳಿಸಿದ್ದನ್ನು ಹುಡುಕಿ ತೆಗೆಯುವ ತಂತ್ರಾಂಶ ಡಿಸ್ಕನ್ನು ತಡಕಾಡುತ್ತಾ ಹೋಯಿತು. ಪರದೆಯ ಮೇಲೆ ಒಂದೇ ಒಂದು ಹೆಸರೂ ಮೂಡಲಿಲ್ಲ. ಫೋನಿನಲ್ಲಿ ಹೇಳುವ ಮಾತಲ್ಲ, ಎದುರು ನಿಂತೇ ಹೇಳಬೇಕು ಎಂದು ಗಗನ್ ಎದ್ದ. ಹೃಷಿಕೇಶ ಸ್ಕೂಟರ್ ತೆಗೆದ.

ಸೀತಾಲಕ್ಷ್ಮಿ ಬಾಗಿಲಲ್ಲೇ ಸಿಕ್ಕರು. ಇಸ್ತ್ರಿ ಮಾಡಿದ ಸೀರೆ, ಹೆಗಲಿಗೆ ಚೀಲ, ಕಾಲಲ್ಲಿ ಚಪ್ಪಲಿ. ಲ್ಯಾಪ್‌ಟಾಪ್ ವಾಪಸ್ ತರಲು ತಾವೇ ಹೊರಟಿದ್ದಾರೆ ಎಂದುಕೊಂಡ ಗಗನ್. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತುಹೋಗಿತ್ತು.

"ಕಾಕೂ, ಹಾಡುಗಳು ಹೋದವು. ನನ್ನಿಂದಲೇ ಹೋದವು."

ಅವರು ಅವನನ್ನೇ ನೋಡಿದರು.

"ಎಲ್ಲಾ? ಒಂದೂ ಉಳದಿಲ್ಲೇನು?"

"ಒಂದೂ ಇಲ್ಲ."

ಸೀತಾಲಕ್ಷ್ಮಿ ಬಾಗಿಲಿನ ಚೌಕಟ್ಟಿಗೆ ಒರಗಿದರು. ಕಣ್ಣಲ್ಲಿ ನೀರು ತುಂಬಿತು. ಅವನು ಅಳುಬುರುಕ ದನಿಯಲ್ಲೇ ಕನ್ನಡದ ಖಾಲಿ, ಮರಾಠಿಯ ಖಾಲಿ ಎಂದು ಎಲ್ಲವನ್ನೂ ಬಿಡಿಸಿ ಹೇಳಿ, ಬೈಯಿರಿ, ಹೊಡೆಯಿರಿ ಎಂದು ಕೈಮುಗಿದ. ಅವರು ಬೈಯಲಿಲ್ಲ. ಕಣ್ಣೊರೆಸಿಕೊಂಡು, ಬಾಗಿಲೆಳೆದು ಬೀಗ ಹಾಕಿದರು. ಎರಡು ಸಲ ಜಗ್ಗಿ ನೋಡಿದರು. ಕಾಮಠಿಗೆ ಒಂದು ಆಟೋ ನಿಲ್ಲಿಸು ಎಂದು ಹೃಷಿಕೇಶನನ್ನು ಕೆಳಗೆ ಕಳಿಸಿದರು. ಆಮೇಲೆ ಗಗನ್‌ನ ಮುಗಿದ ಕೈಗಳನ್ನು ಬಿಡಿಸಿದರು.

"ಒಂದೊಂದು ಹಾಡು ಮುಗದ ಮ್ಯಾಲೂ 'ಸೀತಾ, ಎಲ್ಲಿದ್ದಿ? ಬಾ ಇಲ್ಲೆ' ಅಂತ ಕರೀತಿದ್ರು ಅದರಾಗ. ಅವರು ಹಂಗ ಕರಿಯೂತನಕ ನಾ ಹ್ಯಾಂಗ ಹೊಸ್ತಿಲಾ ದಾಟಲಿ, ಹೇಳು. ಅಳಸಬೇಕಂತ ಎಷ್ಟು ಸಲ ಕೂತೆ, ಕೈ ಬರಲಿಲ್ಲ.

"ನಿನಗ ನಾ ಕನ್ನಡದಾಗೇ ಹೇಳಿದ್ದೆಪಾ, ಖಾಲಿ ಅದ ಅಂತ. ಸುಳ್ಳು ಹೇಳಿದ್ದೆ."