ದೂರಕ್ಕೆ ಕೇಳಿಸುವ ಎಂಜಿನ್

"ಎರಡನ್ನೂ ಒಂದ್ಸಲ ಓಡಿಸಿ ತೋರಿಸಪ್ಪಾ," ಎಂದು ಅಂಗಡಿಯವನಿಗೆ ಹೇಳಿದ ಅಪ್ಪ, ಎಂಜಿನ್‌ಗಳಿಗೆ ಬೆನ್ನು ಹಾಕಿ ಗೋಡೆಯ ಕಡೆ ಮುಖ ಮಾಡಿ ನಿಂತ. ಮಗಳಿಗೆ ನಗು ಬಂತು. ತೋರಿಸು ಅಂದವನು ಬೆನ್ನು ತಿರುಗಿಸಿ ನಿಲ್ಲುವುದೆಂದರೇನು?

ಅಂಗಡಿಯವನ ಎಡಗೈಯಲ್ಲಿ ಇದ್ದದ್ದು ನಾಲ್ಕೂವರೆ ಬೆರಳು. ಮಿಕ್ಕ ಅರ್ಧವನ್ನು ಯಾವುದೋ ಪ್ರೊಪೆಲ್ಲರ್ ತಿಂದುಹಾಕಿತ್ತು. ಕೈಯಲ್ಲಿ ರಿಮೋಟಿನಂಥ ರೇಡಿಯೋ ಹಿಡಿದು ಪುಟ್ಟ ವಿಮಾನ ಹಾರಿಸುವ ಹುಚ್ಚಿನವರೆಲ್ಲ ಅವನನ್ನು ಕರೆಯುವುದೇ ನಾಲ್ಕೂವರೆ ಎಂದು. ಹಿತ್ತಲಿನ ಬೆಂಚಿಗೆ ಬಿಗಿದಿದ್ದ ಎರಡು ಪೆಟ್ರೋಲ್ ಎಂಜಿನ್‌ಗಳನ್ನು ಅವನು ಒಂದಾದ ಮೇಲೊಂದು ಓಡಿಸಿದ. ಮೊದಲನೆಯದು ಚಿಕ್ಕ ಫೋರ್ ಸ್ಟ್ರೋಕ್, ಗಂಟಲಲ್ಲೇ ಮಾತಾಡುವ ಸಭ್ಯಸ್ಥ. ಎರಡನೆಯದು ಅದರ ಎರಡರಷ್ಟು ದೊಡ್ಡ ಟೂ ಸ್ಟ್ರೋಕ್, ಅಪ್ಪಟ ಬಾಯಿಬಡುಕ.

"ಮೊದಲನೇದೇ ತಗೊಳ್ಳಿ ಮೇಸ್ತ್ರಿಗಳೇ. ಹಗುರ, ಸದ್ದಿಲ್ಲ, ನಿಮ್ಮ ವಿಮಾನಕ್ಕೆ ಹೇಳಿ ಮಾಡಿಸಿದ ಹಾಗಿದೆ."

"ಮೇಲೆ ಹೋದ್ಮೇಲೆ ದೂರಕ್ಕೆ ಕೇಳಿಸೋದು ಯಾವುದು?"

"ಕೇಳಿಸೋದಾ?" ನಾಲ್ಕೂವರೆ ಬಾಯಿ ಬಿಟ್ಟ. "ಎಲ್ಲರೂ ಸದ್ದು ಬೇಡ ಅಂತ ನನ್ನ ಪ್ರಾಣ ತಿಂತಾರೆ, ನೀವು ಸದ್ದು ಹುಡುಕ್ಕೊಂಡು ಬಂದಿದೀರಲ್ಲ! ಅದೇ, ಆ ಬಾಯಿಬಡುಕನೇ. ಆದ್ರೆ ಭಾರ ಜಾಸ್ತಿ."

"ಇರ್ಲಿ ಬಿಡು."

ಅಲ್ಲಿ ಮಗಳ ನಗು ನಿಂತಿತು. ಮೂವತ್ತು ವರ್ಷ ಲೇತ್ ಮೆಷಿನ್ನಿನ ಮುಂದೆ ನಿಂತು ಬಂದ ಮನುಷ್ಯ, ವಿಮಾನದ ಒಂದೊಂದು ಸ್ಕ್ರೂವನ್ನೂ ತೂಕ ನೋಡಿ ಹಾಕುವವನು, ಎಂಜಿನ್ನಿನ ಭಾರ ಎಷ್ಟೆಂದು ಕೇಳಲೇ ಇಲ್ಲ. ಕಳೆದ ತಿಂಗಳು ಹಳೆಯ ವಿಮಾನ ಬೇಲಿಕಂಬಕ್ಕೆ ಬಡಿದು ಪುಡಿಯಾದಾಗ "ಗಾಳಿ ಎತ್ತಿ ಒಗೀತು ಕಣೇ" ಎಂದಿದ್ದ. ಆ ದಿನ ಗಾಳಿಯ ದಿಕ್ಕು ತೋರಿಸುವ ಮೈದಾನದ ಗಾಳಿಚೀಲ ಒಣಹಾಕಿದ ಕಾಲುಚೀಲದ ಹಾಗೆ ಜೋತುಬಿದ್ದದ್ದನ್ನು ಅವಳು ನೋಡಿದ್ದಳು. ಅಪ್ಪ ಹೇಳಿದ ಮೇಲೆ ಮುಗಿಯಿತು ಎಂದು ಸುಮ್ಮನಾಗಿದ್ದಳು. ಬಿಳಿ ಬಿಟ್ಟು ಬೇರೆ ಬಣ್ಣ ಮುಟ್ಟದವನು ಹೊಸ ವಿಮಾನದ ರೆಕ್ಕೆಯಡಿ ಗೇಣಗಲದ ಕಪ್ಪು ಪಟ್ಟೆ ಬಳಿದಾಗ "ಇದೇನಪ್ಪಾ, ಜೀಬ್ರಾ ಹಾರಿಸ್ತೀಯಾ?" ಎಂದು ಬೇರೆ ರೇಗಿಸಿದ್ದಳು. ಈಗ ಅವೆಲ್ಲ ಒಂದಕ್ಕೊಂದು ಹೊಂದಿಕೊಂಡವು.

ಡಬ್ಬ ತರಲು ನಾಲ್ಕೂವರೆ ಒಳಗೆ ಹೋದ.

"ಅಪ್ಪಾ, ಕಣ್ಣು ಯಾವಾಗಿಂದ ಹೀಗೆ?"

ಅಪ್ಪ ಬೆಂಚಿನ ಮೇಲಿನ ಎಣ್ಣೆಯನ್ನು ಬೆರಳಲ್ಲಿ ಒರೆಸುತ್ತ ನಿಂತ. ಸುಳ್ಳು ಹೇಳಲು ನೋಡಿ, ಆಗದೆ, ಸೋತ. "ವರ್ಷ ಆಯ್ತು. ಸುತ್ತ ಎಲ್ಲ ಕಾಣತ್ತೆ, ನಡುವೆ ಮಾತ್ರ ಮಸುಕು. ವಿಮಾನನ ನೆಟ್ಟಗೆ ನೋಡಿದ್ರೆ ಮಾಯ ಆಗತ್ತೆ. ಪಕ್ಕಕ್ಕೆ ನೋಡಿದ್ರೆ ಇರತ್ತೆ. ಡಾಕ್ಟ್ರು ಇನ್ನೇನೂ ಮಾಡಕ್ಕಾಗಲ್ಲ ಅಂದ್ರು." ದನಿ ತಗ್ಗಿಸಿದ. "ಸದ್ದಿದ್ರೆ ಎಲ್ಲಿದೆ ಅಂತ ಗೊತ್ತಾಗತ್ತೆ ಕಣೇ. ಅವನ ಮುಂದೆ ಬಾಯಿ ಬಿಡ್ಬೇಡ. ಕ್ಲಬ್ಬಿನವರಿಗೆ ತಿಳಿದ್ರೆ ಮೈದಾನದ ಗೇಟಿನೊಳಗೇ ಬಿಡಲ್ಲ."

"ಏಳು ಕೇಜಿ ವಿಮಾನ ಅಪ್ಪಾ. ಬೇಲಿ ಆಚೆ ಜನ ನಿಂತಿರ್ತಾರೆ."

"ಗೊತ್ತು."

"ಕಂಬದ ಜಾಗದಲ್ಲಿ ಯಾರಾದ್ರೂ ನಿಂತಿದ್ದಿದ್ರೆ?"

ಅಪ್ಪ ಬೆರಳಿಗಂಟಿದ ಎಣ್ಣೆಯನ್ನು ಅಂಗಿಗೆ ಒರೆಸಿಕೊಂಡ. ಅವನ ಮುಖ ಚಿಕ್ಕದಾಗಿಹೋಯಿತು. ಅವಳಿಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ಅಮ್ಮ ಹೋದ ಮೇಲೆ ಈ ಮನುಷ್ಯನಿಗೆ ವಾರವೆಂದರೆ ಭಾನುವಾರ ಬೆಳಿಗ್ಗೆಯ ಆ ಎರಡು ಗಂಟೆ ಮಾತ್ರ. ಮಿಕ್ಕದ್ದೆಲ್ಲ ಅದಕ್ಕೆ ಕಾಯುವುದು. ಬೇಡ ಎನ್ನುವುದು ಹೇಗೆ? ಬೇಡ ಎನ್ನದೆ ಇರುವುದಾದರೂ ಹೇಗೆ?

ಅವಳು ಹನ್ನೆರಡು ವರ್ಷದವಳಿದ್ದಾಗ ಅಪ್ಪ ಎರಡು ರೇಡಿಯೋಗಳ ನಡುವೆ ಒಂದು ಕೇಬಲ್ ಹಾಕಿ ಹಾರಿಸಲು ಕಲಿಸಿದ್ದ. ಅವನ ರೇಡಿಯೋದಲ್ಲೊಂದು ಸ್ವಿಚ್. ಅದನ್ನು ಅವನು ಒತ್ತಿ ಹಿಡಿದಿರುವಷ್ಟು ಹೊತ್ತು ವಿಮಾನ ಅವಳದು, ಬಿಟ್ಟನೋ, ಅವನದು. ಬಿಟ್ಟೆ ಎಂದು ಒಂದು ದಿನವೂ ಹೇಳಿದವನಲ್ಲ. ತಾನೇ ಇಳಿಸಿದೆ ಎಂದು ಅವಳು ಮೈದಾನದ ತುಂಬ ಕುಣಿದಾಡಿದ್ದೇ ಕುಣಿದಾಡಿದ್ದು. ಇಳಿಸುತ್ತಿದ್ದವನು ಅಪ್ಪ ಎಂಬ ನಿಜ ತಿಳಿಯುವ ಹೊತ್ತಿಗೆ ಅವಳು ಕಾಲೇಜು ಮುಗಿಸಿದ್ದಳು.

ನಾಲ್ಕೂವರೆ ಹೊರಗೆ ಬಂದ. "ಏನ್ ತೀರ್ಮಾನ ಆಯ್ತಮ್ಮಾ? ಯಾವುದು ಕಟ್ಟಲಿ?"

"ಬಾಯಿಬಡುಕನ್ನೇ ಕೊಡಿ," ಎಂದಳು. ಅಪ್ಪನ ತಲೆ ಸರಕ್ಕನೆ ಅವಳತ್ತ ತಿರುಗಿತು. "ಜೊತೆಗೆ ಎರಡು ರೇಡಿಯೋ ಜೋಡಿಸೋ ಕೇಬಲ್ ಒಂದು."

"ಓ! ಯಾರಿಗೆ ಕಲಿಸೋದು?"

ಅವಳು ಪರ್ಸ್ ತೆರೆದು ನೋಟು ಎಣಿಸತೊಡಗಿದಳು.

"ನಂಗೆ," ಎಂದ ಅಪ್ಪ.

ನಾಲ್ಕೂವರೆ ಹೋ ಎಂದು ನಕ್ಕ. "ಈ ಊರಲ್ಲಿ ಅರ್ಧ ಜನಕ್ಕೆ ಹಾರಿಸೋದು ಕಲಿಸಿದೋರು ನೀವು! ಒಳ್ಳೇ ತಮಾಷೆ." ಜೊತೆಗೆ ಯಾರೂ ನಗಲಿಲ್ಲ ಎಂಬುದು ಕೇಬಲ್ ಹುಡುಕುವ ಗಡಿಬಿಡಿಯಲ್ಲಿ ಅವನ ಗಮನಕ್ಕೆ ಬರಲಿಲ್ಲ.

ಮೆಟ್ಟಿಲಿಳಿಯುವಾಗ ಎಂಜಿನ್ನಿನ ಡಬ್ಬ ಮಗಳ ಕೈಯಲ್ಲಿತ್ತು, ಕೇಬಲ್ ಅಪ್ಪನ ಕೈಯಲ್ಲಿ. ಅದರ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಅವನು ಬೆರಳಾಡಿಸಿಕೊಂಡು ಬರುತ್ತಿದ್ದ. ಕೊನೆಯ ಮೆಟ್ಟಿಲಲ್ಲಿ ನಿಂತ.

"ಸ್ವಿಚ್ ಬಿಟ್ಟಾಗ," ಎಂದ, "ನಂಗೆ ಹೇಳ್ಬೇಡ."