ಎರಡೂ ಕೈ

ಇನ್‌ಸ್ಪೆಕ್ಷನ್ ದಿನ ಬೆಳಿಗ್ಗೆ ಹೆಡ್‌ಮೇಡಂ ಚಂದ್ರಮತಿ ಶಾಲೆಗೆ ಹೋಗುವ ಮೊದಲು ಮಲ್ಲಿಗಮ್ಮನ ಮನೆಯ ಮುಂದೆ ನಿಂತರು. ಅಂಗಳದಲ್ಲಿ ಮಲ್ಲಿಗಮ್ಮನ ಮಗಳು ಭವ್ಯ ಬೇಯಿಸಿದ ಅರಿಸಿನವನ್ನು ಬಿಸಿಲಿಗೆ ಹರವುತ್ತಿದ್ದಳು.

"ಇವತ್ತೊಂದಿನ ಬುಟ್‌ಬುಡಿ ಮೇಡಂ," ಎಂದಳು ಮಲ್ಲಿಗಮ್ಮ. "ವರ್ಸ ವರ್ಸವೂ ಇನ್‌ಸ್ಪೆಕ್ಟ್ರು ಬರೋ ದಿನ ಇವಳ್ನ ಕಳುಸ್‌ಬ್ಯಾಡ ಅಂತ ಮೇಷ್ಟ್ರು ಯೋಳ್‌ಕಳುಸೋರು. ಯೋಳುಸ್ಕಳದು ಯಾಕೆ ಅಂತ ಈ ಸಲ ನಾನೇ ಮನೇಲೆ ಇರುಸ್ಕಂಡೆ."

"ನಾನು ಹೇಳ್‌ಕಳಿಸ್ಲಿಲ್ವಲ್ಲ ಮಲ್ಲಿಗಮ್ಮ."

"ಇವಳ್ಗೆ ಬುದ್ಧಿ ಸಾಲ್ದು. ಎಲ್ಲಾರೂ ನಗ್ತರೆ ಕಣಿ."

"ನಗ್ಲಿ. ಏಳು ಭವ್ಯ, ಬ್ಯಾಗ್ ತಗೊ."

ಭವ್ಯ ಲಂಗಕ್ಕೆ ಕೈ ಒರೆಸಿಕೊಂಡು ಹಿಂದೆ ಬಂದಳು. ನಾಲ್ಕನೇ ತರಗತಿಯ ಬಾಗಿಲಲ್ಲೇ ರಂಗರಾಜು ಮೇಷ್ಟರ ಮುಖ ಸಪ್ಪಗಾಯಿತು. "ಹೋಗ್ಲಿ, ಹಿಂದುಗಡೆ ಮೂಲೇಲಾದ್ರೂ ಕೂರ್ಸಿ ಮೇಡಂ," ಎಂದರು. ಚಂದ್ರಮತಿ ಅವಳನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು.

ಮೇಷ್ಟರು ಹಿಂದಿನ ದಿನವೇ ಮಕ್ಕಳಿಗೆ ಅಭ್ಯಾಸ ಮಾಡಿಸಿದ್ದರು. ಸಾಹೇಬರು ಏನೇ ಕೇಳಲಿ, ಎಲ್ಲರೂ ಕೈ ಎತ್ತಬೇಕು. ಉತ್ತರ ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ. ಬಲಗೈ ಎತ್ತಿದವರಲ್ಲಿ ಒಬ್ಬರನ್ನು ಮೇಷ್ಟರು ಎಬ್ಬಿಸುತ್ತಾರೆ. ಆ ಸೀಮೆಯ ಮೇಷ್ಟರುಗಳಿಗೆಲ್ಲ ಗೊತ್ತಿದ್ದ ಉಪಾಯ ಅದು. ಭವ್ಯಳಿಗೆ ಮಾತ್ರ ಯಾರೂ ಹೇಳಿರಲಿಲ್ಲ.

ಗುಂಡ್ಲುಪೇಟೆಯಿಂದ ಜೀಪಿನಲ್ಲಿ ಬಂದ ಇನ್‌ಸ್ಪೆಕ್ಟರು ಕುರ್ಚಿಯಲ್ಲಿ ಕೂರದೆ ಕೇಳಿದರು: "ಹದಿಮೂರು ಏಳಲಿ ಎಷ್ಟು?"

ಎಲ್ಲ ಕೈಗಳೂ ಮೇಲೆದ್ದವು. ಭವ್ಯ ಈ ಪಕ್ಕದವಳನ್ನು ನೋಡಿದಳು, ಬಲಗೈ. ಆ ಪಕ್ಕದವನನ್ನು ನೋಡಿದಳು, ಎಡಗೈ. ತನ್ನ ಎರಡೂ ಕೈ ಎತ್ತಿದಳು.

ಇನ್‌ಸ್ಪೆಕ್ಟರಿಗೆ ನಗು ಬಂತು. "ಎರಡು ಕೈ ಎತ್ತಿದ್ದೀಯಲ್ಲಮ್ಮ, ನೀನೇ ಹೇಳು."

ಭವ್ಯ ಎದ್ದು ನಿಂತಳು. ಕೈ ಇಳಿಸಲಿಲ್ಲ.

"ಅದು ಮಂದಬುದ್ಧಿ ಸಾರ್, ಲೆಕ್ಕಕ್ಕಿಲ್ಲ," ಎಂದರು ಮೇಷ್ಟರು.

"ಇಂಥವರನ್ನ ಯಾಕ್ರೀ ಕೂರಿಸ್ಕೊಂಡಿದ್ದೀರಿ?" ಇನ್‌ಸ್ಪೆಕ್ಟರು ಚಂದ್ರಮತಿಯವರ ಕಡೆ ತಿರುಗಿದರು. "ಜಿಲ್ಲೆ ಹೊಸದು. ಚಾಮರಾಜನಗರಕ್ಕೆ ಒಳ್ಳೇ ವರದಿ ಹೋಗ್ಬೇಕು. ಇವಳ ಹೆಸರು ತೆಗೆದುಹಾಕಿ. ಇಲ್ದಿದ್ರೆ ನಿಮ್ಮ ಮೇಲೆ ಬರೀಬೇಕಾಗುತ್ತೆ."

"ಬರೀರಿ ಸರ್. ಜೂನ್‌ನಲ್ಲಿ ಇವಳು ಎರಡರ ಮೇಲೆ ಎಣಿಸ್ತಿರಲಿಲ್ಲ. ಈಗ ಹುಣಸೆಬೀಜ ಕೊಟ್ರೆ ಏಳರವರೆಗೂ ಎಣಿಸ್ತಾಳೆ. ಹೆಸರು ತೆಗೆಯಲ್ಲ." ಚಂದ್ರಮತಿ ಎತ್ತಿದ್ದ ಕೈಗಳ ಕಡೆ ತೋರಿಸಿದರು. "ಹೇಗೂ ಕೇಳ್ತಿದ್ದೀರಿ. ಎಡಗೈ ಎತ್ತಿರೋರಲ್ಲೂ ಒಬ್ಬರನ್ನ ಕೇಳಿ."

ರಂಗರಾಜು ಮೇಷ್ಟರು ಗೋಡೆಯ ಕಡೆ ನೋಡಿದರು. ಇನ್‌ಸ್ಪೆಕ್ಟರು ತರಗತಿಯ ಕಡೆ ನೋಡಲೇ ಇಲ್ಲ.

"ಮೇಡಂ," ಎಂದರು ದನಿ ತಗ್ಗಿಸಿ, "ನಾನೂ ಮೇಷ್ಟ್ರಾಗಿದ್ದವನೇ. ಕೆಲವನ್ನ ನೋಡಿದ್ರೂ ನೋಡದ ಹಾಗೆ ಹೋಗ್ಬೇಕು."

"ಅಷ್ಟೊಂದು ಎಡಗೈ ಕಾಣದ ನಿಮಗೆ ಇವಳೊಬ್ಬಳು ಹೇಗೆ ಕಂಡಳು ಸರ್?"

ಇನ್‌ಸ್ಪೆಕ್ಟರ ಪೆನ್ನು ಜೇಬಿನಿಂದ ಅರ್ಧ ಬಂದು ನಿಂತಿತು.

"ಕೈ ಇಳಿಸ್ರಲಾ," ಎಂದು ಮೇಷ್ಟರು ಹಲ್ಲು ಕಚ್ಚಿಕೊಂಡೇ ಗದರಿದರು. ಎಡಗೈಗಳು ಒಂದೊಂದಾಗಿ ಇಳಿದವು. ಅವನ್ನು ನೋಡಿ ಬಲಗೈಗಳೂ ಇಳಿದವು. ಮುಂದಿನ ಸಾಲಿನಲ್ಲಿ, ಸಾಹೇಬರ ಮುಖದ ನೇರಕ್ಕೆ, ಅರಿಸಿನ ಹತ್ತಿದ ಎರಡು ಹಳದಿ ಅಂಗೈಗಳು ಹಾಗೆಯೇ ಮೇಲಿದ್ದವು.

ಇಳಿಸು ಎಂದು ಚಂದ್ರಮತಿ ಹೇಳಲಿಲ್ಲ.